ಸೊನ್ನೆ ಎಲ್ಲಿಂದ?

ನನ್ನದು ಹಳೇ ಡೀಸೆಲ್ ಕಾರು. ಊರಿಗೆ ಹೋಗುವಾಗ ಏರು ಬಂದರೆ ಏದುಸಿರು ಬಿಡೋಕೆ ಶುರುಮಾಡಿತ್ತು. ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರದ ಗ್ಯಾರೇಜಿನ ಅಣ್ಣ ಟರ್ಬೋ ಪೈಪು ಬದಲಾಯಿಸಿ, ತಮ್ಮ ಬೂಸ್ಟ್ ಗೇಜ್ ಕಟ್ಟಿ ಒಂದು ರೌಂಡ್ ಓಡಿಸಿ, "ಹದಿನಾಲ್ಕು ಪಿಎಸ್‌ಐ ಬರ್ತಿದೆ ಸಾರ್, ಸರಿ ಇದೆ" ಅಂದರು.

ನಾನು ಇಂಜಿನಿಯರ್ ಅಲ್ವಾ, ನಂಬಲಿಲ್ಲ. ಕಾರಿನ ಓಬಿಡಿ ಪೋರ್ಟಿಗೆ ಡಾಂಗಲ್ ಸಿಕ್ಕಿಸಿ ಓಡಿಸಿದೆ. ಫೋನಿನಲ್ಲಿ 190 ಕಿಲೋಪಾಸ್ಕಲ್ ಬಂತು. 1 ಪಿಎಸ್‌ಐ ಅಂದ್ರೆ 6.895 ಕಿಲೋಪಾಸ್ಕಲ್. ಭಾಗಿಸಿದರೆ 27.6! "ನಿಮ್ಮ ಗೇಜ್ ಅರ್ಧ ತೋರಿಸುತ್ತೆ, ದುಡ್ಡು ಮಾತ್ರ ಪೂರ್ತಿ ತಗೊಂಡ್ರಿ" ಅಂದುಬಿಟ್ಟೆ, ಇಬ್ಬರು ಗಿರಾಕಿಗಳ ಎದುರಿಗೇ. ಅವರು ಏನೂ ಹೇಳಲಿಲ್ಲ, ಕೈ ಒರೆಸಿಕೊಂಡು ಒಳಗೆ ಹೋದರು.

ನಾನೇ ಒಂದು ಗೇಜ್ ಕೊಳ್ಳೋಣ ಅಂತ ಆನ್‌ಲೈನಲ್ಲಿ ಹುಡುಕಿದರೆ ಒಂದರಲ್ಲಿ ಬಾರ್, ಇನ್ನೊಂದರಲ್ಲಿ ಪಿಎಸ್‌ಐ, ಮತ್ತೊಂದರಲ್ಲಿ ಚದರ ಸೆಂಟಿಮೀಟರಿಗೆ ಕೆಜಿ. 1 ಬಾರ್ ಅಂದ್ರೆ 100 ಕಿಲೋಪಾಸ್ಕಲ್, 14.5 ಪಿಎಸ್‌ಐ, 1.02 ಕೆಜಿ. ಎಲ್ಲಾ ಸರಿಯಾಗೇ ಇದೆ. ಹಾಗಾದ್ರೆ ನನ್ನ 27.6 ಎಲ್ಲಿಂದ ಬಂತು?

ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ, ಬಾವೀಲಿ ನೀರು ಎಷ್ಟು ಕೆಳಗಿದೆ ಅಂತ ಕೇಳಿದೆ. "ಹಗ್ಗ ಇಪ್ಪತ್ತು ಮೊಳ ಇಳೀತದೆ ಕಣೋ. ಕಟ್ಟೆ ಎರಡು ಮೊಳ ಕಳೀಬೇಕಲ್ಲ, ನೆಲದಿಂದ ಹದಿನೆಂಟು" ಅಂದರು.

ಕಟ್ಟೆ ಕಳೆಯೋದನ್ನೇ ನಾನು ಮರೆತಿದ್ದೆ. ಕಾರಿನ ಸೆನ್ಸರ್ ಗಾಳಿಯೇ ಇಲ್ಲದ ನಿರ್ವಾತವನ್ನು ಸೊನ್ನೆ ಅಂತ ಹಿಡಿಯುತ್ತೆ. ಬೂಸ್ಟ್ ಗೇಜಿಗೆ ಹೊರಗಿನ ಗಾಳಿಯ ಒತ್ತಡವೇ ಸೊನ್ನೆ. ಸಮುದ್ರಮಟ್ಟದಲ್ಲಿ ಆ ಒತ್ತಡ 101 ಕಿಲೋಪಾಸ್ಕಲ್. 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91. 190ರಲ್ಲಿ 91 ಕಳೆದರೆ 99. ಪಿಎಸ್‌ಐಗೆ ತಂದರೆ 14.4. ಅಣ್ಣ ಹೇಳಿದ್ದೂ ಅದೇ ಹದಿನಾಲ್ಕು. ಪುಸ್ತಕದ 101 ಕಳೆದಿದ್ದರೆ 13ಕ್ಕಿಂತ ಕಮ್ಮಿ ಬಂದು, ಇನ್ನೊಂದು ಜಗಳಕ್ಕೆ ಹೋಗ್ತಿದ್ದೆನೋ ಏನೋ.

ಬೆಳಿಗ್ಗೆ ಹೋಗಿ "ತಪ್ಪಾಯ್ತು ಅಣ್ಣ" ಅಂದೆ. "ಬಿಡಿ ಸಾರ್" ಅಂತ ನಕ್ಕು, ಟೀ ತರಿಸಿದರು. ಯಾವ ಗೇಜ್ ತಗೊಳ್ಲಿ ಅಂತ ಅವರನ್ನೇ ಕೇಳಿದೆ. 30 ಪಿಎಸ್‌ಐವರೆಗಿನದು ಸಾಕು, ಮುಳ್ಳು ಮಧ್ಯದಲ್ಲಿ ನಿಂತರೆ ಓದೋದು ಸುಲಭ ಅಂದರು. ಅದನ್ನೇ ತಂದೆ, ಅವರೇ ಕೂರಿಸಿಕೊಟ್ಟರು.

ಆವತ್ತಿನ ಆ ಇಬ್ಬರು ಗಿರಾಕಿಗಳು ಮಾತ್ರ ಅಲ್ಲಿರಲಿಲ್ಲ.