ಗಡಾಯಿಕಲ್ಲು ಹತ್ತಿದ ದಿನ

ಬೆಳ್ತಂಗಡಿಯ ಕಡೆಗೆ ಹೋದವರಿಗೆಲ್ಲ ಆ ಬಂಡೆ ಗೊತ್ತು. ಘಟ್ಟದ ಸಾಲಿನ ಮುಂದೆ ಯಾರೋ ತಂದು ನೆಟ್ಟಂತೆ ಒಂಟಿಯಾಗಿ ನಿಂತಿರುವ ಕರಿಕಲ್ಲು. ಊರವರ ಬಾಯಲ್ಲಿ ಅದು ಗಡಾಯಿಕಲ್ಲು, ಚರಿತ್ರೆಯ ಪುಸ್ತಕಗಳಲ್ಲಿ ಜಮಾಲಾಬಾದ್ ಕೋಟೆ. ನನ್ನ ಪಾಲಿಗೆ ಮಾತ್ರ ಅದು ಹದಿನಾಲ್ಕು ವರ್ಷ ತೀರಿಸದ ಸಾಲದ ಹಾಗೆ ಉಳಿದುಬಿಟ್ಟಿತ್ತು.

2010ರಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದೆವು. ಮನೆಮಂದಿ, ನೆಂಟರು ಎಲ್ಲ ಸೇರಿ ಹನ್ನೊಂದು ಜನ. ಹನ್ನೊಂದು ಜನರ ತಿಂಡಿ, ಮಧ್ಯಾಹ್ನದ ಬಿರಿಯಾನಿ, ಚಹಾದ ಫ್ಲಾಸ್ಕು ಎಲ್ಲವೂ ನನ್ನ ಕೈಯಿಂದಲೇ ಆಗಬೇಕಿತ್ತು. ಬೆಳಗ್ಗೆ ಮೂರು ಗಂಟೆಗೆ ಎದ್ದವಳು ಒಲೆಯ ಮುಂದಿನಿಂದ ನೇರವಾಗಿ ವ್ಯಾನು ಹತ್ತಿದ್ದೆ. ಬಾಯಿಗೆ ಒಂದು ತುತ್ತು ಬಿದ್ದಿರಲಿಲ್ಲ. ಇನ್ನೂರು ಮೆಟ್ಟಿಲು ಹತ್ತಿರಬಹುದು, ಕಣ್ಣು ಕತ್ತಲೆ ಬಂತು. ಎದೆ ಬಡಿತ ಕಿವಿಗೆ ಕೇಳುತ್ತಿತ್ತು. ಅಲ್ಲೇ ಕುಳಿತೆ. ಮತ್ತೆ ಮೆಲ್ಲಗೆ ಕೆಳಗಿಳಿದು, ಮರದ ನೆರಳಲ್ಲಿ ಬ್ಯಾಗು, ಪಾತ್ರೆಗಳನ್ನು ಕಾಯುತ್ತಾ ಉಳಿದೆ. "ಹೆಂಗಸರಿಗೆ ಇದೆಲ್ಲ ಆಗುವ ಮಾತಲ್ಲ" ಎಂದು ಯಾರೋ ಹೇಳಿದರು. ಅದನ್ನು ಯಾರು ಹೇಳಿದ್ದೆಂದು ಈಗ ನೆನಪಿಲ್ಲ. ನಾನು ಅದನ್ನು ನಂಬಿದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಆಗ ನನಗೆ ಮೂವತ್ತು ವರ್ಷ.

ಆ ಬಳಿಕದ ವರ್ಷಗಳಲ್ಲಿ ಆಯಾಸ ನನ್ನ ಸ್ವಭಾವವೇ ಆಗಿಹೋಯಿತು. ಸಂಜೆ ನಾಲ್ಕಕ್ಕೆ ಮಕ್ಕಳು ಬರುವಾಗ ನನ್ನಲ್ಲಿ ಬೈಯಲಿಕ್ಕೆ ಬೇಕಾದಷ್ಟು ಶಕ್ತಿ ಮಾತ್ರ ಉಳಿದಿರುತ್ತಿತ್ತು. ಒಲೆ, ಬಟ್ಟೆ, ಮದ್ರಸ, ಹೋಂವರ್ಕು ಎಲ್ಲವೂ ನಡೆಯುತ್ತಿದ್ದವು. ಆದರೆ ಯಾವುದರಲ್ಲೂ ಖುಷಿ ಇರಲಿಲ್ಲ. ನಾನು ಸೋಮಾರಿ, ನನ್ನ ಉಮ್ಮ ಇದರ ಎರಡರಷ್ಟು ಕೆಲಸ ಮಾಡಿದ್ದರು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಉಮ್ಮನಿಗೂ ದಣಿವಾಗುತ್ತಿತ್ತೇ ಎಂದು ನಾವು ಯಾರೂ ಕೇಳಿರಲಿಲ್ಲ, ಅದು ಬೇರೆ ವಿಷಯ.

2022ರಲ್ಲಿ ಬೇರಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.2 ಎಂದು ಬಂತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ವೈದ್ಯೆ ಚೀಟಿ ನೋಡಿ, "ಇಷ್ಟು ಸಮಯ ನೀವು ಅರ್ಧ ರಕ್ತದಲ್ಲಿ ಸಂಸಾರ ಮಾಡಿದ್ದೀರಿ" ಎಂದರು. ನಕ್ಕೇ ಹೇಳಿದರು, ಆದರೆ ನನಗೆ ಅಳು ಬಂತು. ನಾನೊಬ್ಬಳೇ ಅಲ್ಲ ಎಂಬುದು ಆಮೇಲೆ ತಿಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಅವರಲ್ಲಿ ಎಷ್ಟು ಮಂದಿ ತಮ್ಮನ್ನು ಸೋಮಾರಿ ಎಂದುಕೊಂಡಿರಬಹುದು ನೋಡಿ!

ಮಾತ್ರೆ ತಿಂಗಳುಗಟ್ಟಲೆ ನುಂಗಿದೆ. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸ ಬಿಡಲು ಹೇಳಿದರು. ಚಹಾ ಊಟದಲ್ಲಿರುವ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲವಂತೆ. ಲಿಂಬೆ, ನೆಲ್ಲಿಕಾಯಿ, ಪೇರಳೆ ಜತೆಗಿದ್ದರೆ ಚೆನ್ನಾಗಿ ಸೇರುತ್ತದಂತೆ. ಮಾತ್ರೆಗಿಂತ ಈ ಚಹಾವೇ ನನಗೆ ಕಷ್ಟವಾದದ್ದು. ವರ್ಷ ತಿರುಗುವಾಗ 12ರ ಗಡಿ ದಾಟಿದೆ. ಆಗಲೇ ಗಡಾಯಿಕಲ್ಲು ಮತ್ತೆ ನೆನಪಾದದ್ದು.

2024ರ ಜನವರಿಯ ಒಂದು ಆದಿತ್ಯವಾರಕ್ಕೆ ದಿನ ನಿಗದಿಯಾಯಿತು. ಈ ಸಲ ನಾನು ಎರಡು ಶರ್ತ ಹಾಕಿದೆ. ಒಂದು, ನಾನು ಅಡುಗೆ ಮಾಡುವುದಿಲ್ಲ. ಇನ್ನೊಂದು, ಹಿಂದಿನ ರಾತ್ರಿಯೇ ಬೆಳ್ತಂಗಡಿಯ ನಾದಿನಿಯ ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಬೇಕು. ಮೊದಲನೆಯದಕ್ಕೆ ಯಜಮಾನರು ಒಪ್ಪಿದರು. ಎರಡನೆಯದಕ್ಕೆ ಎಲ್ಲರೂ ನಕ್ಕರು. ನಮ್ಮ ಮಾಮಿ ಮಗಳ ಮನೆಯಲ್ಲಿಯೇ ಇದ್ದರು. "ಬೆಟ್ಟ ಹತ್ತಲಿಕ್ಕೆ ಹೋಗುವವಳು ಒಂಬತ್ತು ಗಂಟೆಗೇ ಮಲಗುವುದಾ?" ಎಂದು ಅವರಿಗೆ ಆಶ್ಚರ್ಯ. ಅದಕ್ಕೂ ಮೊದಲು ಎರಡು ತಿಂಗಳು ಬೆಳಗ್ಗೆ ಅರ್ಧ ಗಂಟೆ ನಡೆದಿದ್ದೆ, ತಾರಸಿಯ ಮೆಟ್ಟಿಲು ಹತ್ತಿಳಿದಿದ್ದೆ. ಪಕ್ಕದ ಮನೆಯವರಿಗೆ ಬಟ್ಟೆ ಒಣಗಿಸಲು ಹೋಗುತ್ತಿದ್ದೇನೆ ಎಂದು ಕಾಣಲಿ ಎಂದು ಕೈಯಲ್ಲಿ ಬಕೆಟ್ ಹಿಡಿದುಕೊಳ್ಳುತ್ತಿದ್ದೆ!

ಸುಬ್ಹಿ ನಮಾಝ್ ಮುಗಿಸಿ, ಎರಡು ಬಾಳೆಹಣ್ಣು, ಸ್ವಲ್ಪ ಗಂಜಿ ಕುಡಿದು ಹೊರಟೆವು. ಬೆಳ್ತಂಗಡಿ ಪೇಟೆಯಿಂದ ಎಂಟು ಕಿಲೋಮೀಟರಿನಷ್ಟು ದಾರಿ. ತೋಟಗಳ ಮೇಲೆ ಇನ್ನೂ ಮಂಜು ಇತ್ತು. ಬಂಡೆಯ ತುದಿಗೆ ಮಾತ್ರ ಬಿಸಿಲು ತಾಗಿತ್ತು. ಈ ಪ್ರದೇಶ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಯವರಲ್ಲಿ ಹಣ ಕಟ್ಟಿ ಹೋಗಬೇಕು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಹೋಗುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಚೀಟಿ ಕೊಟ್ಟವರು ನನ್ನ ಬುರ್ಖಾ, ಕ್ಯಾನ್ವಾಸ್ ಶೂ ಎರಡನ್ನೂ ನೋಡಿ, "ಮೆಲ್ಲಗೆ ಹೋಗಿ ಅಕ್ಕ, ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ಇಡೀ ದಿನ ನನಗೆ ಸಿಕ್ಕಿದ ಅತ್ಯುತ್ತಮ ಸಲಹೆ ಅದೇ.

ಈ ಕೋಟೆಯನ್ನು ಕಟ್ಟಿಸಿದ್ದು ಟಿಪ್ಪು ಸುಲ್ತಾನ್, 1794ರಲ್ಲಿ. ಅದಕ್ಕೆ ಮೊದಲು ಇದು ನರಸಿಂಹಗಡ. ತಾಯಿ ಜಮಾಲ್ ಬೀಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ ಎಂಬುದು ಎಲ್ಲರೂ ಹೇಳುವ ಮಾತು. ಟಿಪ್ಪುವಿನ ತಾಯಿಯ ಹೆಸರು ಚರಿತ್ರೆಯಲ್ಲಿ ಫಾತಿಮಾ ಫಖ್ರುನ್ನಿಸಾ ಎಂದಿದೆ. ಅದೇನೇ ಇರಲಿ, ಇಷ್ಟು ದೊಡ್ಡ ಕಲ್ಲಿಗೆ ಒಬ್ಬ ತಾಯಿಯ ಹೆಸರಿದೆ ಎಂದು ಜನ ನೆನಪಿಟ್ಟುಕೊಂಡದ್ದು ನನಗೆ ಇಷ್ಟವಾಯಿತು. ಎತ್ತರ ಸುಮಾರು 1,700 ಅಡಿ. ಮೇಲೆ ಹೋಗಲು ಇರುವುದು ಒಂದೇ ಇಕ್ಕಟ್ಟಿನ ದಾರಿ. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳು 1,876 ಎಂದು ಲೆಕ್ಕ ಹೇಳುತ್ತಾರೆ. ಆ ದಾರಿಯ ತಿರುವಿನಲ್ಲಿ ನಾಲ್ಕು ಮಂದಿ ನಿಂತರೆ ಕೆಳಗಿನಿಂದ ಒಂದು ಸೈನ್ಯವೇ ಬಂದರೂ ತಡೆಯಬಹುದು ಎನಿಸುತ್ತದೆ. ಆದರೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇದೂ ಇಂಗ್ಲಿಷರ ಕೈಸೇರಿತು.

ಹತ್ತಲು ಶುರು ಮಾಡಿದ್ದು ಏಳು ಗಂಟೆಗೆ. ಹದಿನಾರರ ಮಗ ಮತ್ತು ಕಾಲೇಜಿಗೆ ಹೋಗುವ ನಾದಿನಿಯ ಮಗಳು ಪೈಪೋಟಿಯಿಂದ ಓಡಿದರು. ನಾನು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡಿದ್ದೆ: ನಾದಿನಿಯ ಜತೆ ಮಾತಾಡುತ್ತಾ ಹತ್ತಬೇಕು. ಮಾತು ಅರ್ಧಕ್ಕೆ ನಿಂತು ಏದುಸಿರು ಬಂದರೆ ನಡಿಗೆ ಜಾಸ್ತಿಯಾಯಿತು ಎಂದರ್ಥ, ಕೂಡಲೇ ನಿಧಾನ ಮಾಡಬೇಕು. ನಾವಿಬ್ಬರೂ ಮಾತಿಗೆ ಎಂದೂ ಕೊರತೆ ಮಾಡಿದವರಲ್ಲ. ಆದ್ದರಿಂದ ಈ ನಿಯಮ ಸುಲಭವಾಗಿ ನಡೆಯಿತು. ಇನ್ನೊಂದು ನಿಯಮ, ಪ್ರತಿ ನೂರು ಮೆಟ್ಟಿಲಿಗೆ ಒಮ್ಮೆ ನಿಲ್ಲುವುದು. ದಣಿವಾಗಲಿ, ಆಗದಿರಲಿ, ನಿಲ್ಲುವುದು. ಎರಡು ಗುಟುಕು ನೀರು, ಮೂರು ನಿಲುಗಡೆಗೊಮ್ಮೆ ಒಂದು ಖರ್ಜೂರ. ಮೊದಲ ನೂರರಲ್ಲಿ ನಿಂತಾಗ, "ಇನ್ನೂ ಏನೂ ಆಗಿಲ್ಲವಲ್ಲ ಅತ್ತಿಗೆ, ನಡೆಯಿರಿ" ಎಂದಳು ನಾದಿನಿ. ಏನೂ ಆಗುವ ಮೊದಲೇ ನಿಲ್ಲುವುದು, ಅದೇ ವಿಷಯ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನನಗೂ ಅರ್ಥವಾಗಲು ನಲವತ್ತನಾಲ್ಕು ವರ್ಷ ಬೇಕಾಗಿತ್ತು.

ನಾಲ್ಕುನೂರರ ಆಸುಪಾಸಿನಲ್ಲಿ ಮಗ ಸಿಕ್ಕಿದ. ಒಂದು ಮೆಟ್ಟಿಲಿನ ಮೇಲೆ ಕೈಕಾಲು ಚಾಚಿ ಮಲಗಿದ್ದ. ತಂದ ನೀರಿನಲ್ಲಿ ಮುಕ್ಕಾಲು ಭಾಗ ಕುಡಿದು ಮುಗಿಸಿದ್ದ. ನಾವು ಮಾತಾಡುತ್ತಾ ಅವನನ್ನು ದಾಟಿ ಹೋದೆವು. ಅವನ ಮುಖ ನೋಡಬೇಕಿತ್ತು! ಪಾಪ, ಹುಡುಗ ಹತ್ತು ನಿಮಿಷದಲ್ಲಿ ಚೇತರಿಸಿಕೊಂಡು ಮತ್ತೆ ಓಡಿದ. ಆ ವಯಸ್ಸಿನವರ ಖಜಾನೆ ಬೇಗ ಖಾಲಿಯಾಗುತ್ತದೆ, ಬೇಗ ತುಂಬುತ್ತದೆ. ನಮ್ಮದು ಹಾಗಲ್ಲ.

ಕಾಡಿನ ನೆರಳು ಮುಗಿದ ಮೇಲೆ ದಾರಿ ಬಂಡೆಯ ಮೈಗೆ ಅಂಟಿಕೊಂಡು ಸಾಗುತ್ತದೆ. ಮೆಟ್ಟಿಲುಗಳು ಒಂದೇ ಅಳತೆಯವಲ್ಲ. ಒಂದು ಗೇಣು ಎತ್ತರದ್ದಾದರೆ ಇನ್ನೊಂದು ಮೊಣಕಾಲಿನವರೆಗೆ. ಬುರ್ಖಾದ ಅಂಚನ್ನು ಸ್ವಲ್ಪ ಎತ್ತಿ ಪಿನ್ನು ಹಾಕಿಕೊಳ್ಳದಿದ್ದರೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಹೋಗುವ ಸಹೋದರಿಯರು ಇದನ್ನು ಗಮನಿಸಬೇಕು. ಒಂದು ಕಡೆ ಗೋಡೆಯಂತಹ ಕಲ್ಲು, ಇನ್ನೊಂದು ಕಡೆ ಕೆಳಗೆ ತೆಂಗು, ಅಡಿಕೆಯ ತೋಟಗಳು ಚಾಪೆ ಹಾಸಿದಂತೆ. ಆರುನೂರರ ನಂತರ ನನಗೆ ಎಣಿಕೆ ತಪ್ಪಿತು. ಆಮೇಲೆ ನಿಲ್ಲಲು ನೆರಳು ಸಿಕ್ಕಿದಲ್ಲೆಲ್ಲ ನಿಂತೆ.

ಅಂಥ ಒಂದು ನೆರಳಲ್ಲಿ ಕುಳಿತಾಗ ನಾದಿನಿ ಕೇಳಿದಳು, "ಮನೆಯಲ್ಲಿ ಹೀಗೆ ನೂರಕ್ಕೊಮ್ಮೆ ನಿಲ್ಲಲು ಯಾರು ಬಿಡುತ್ತಾರೆ ಅತ್ತಿಗೆ?"

ಪ್ರಶ್ನೆ ಸರಿಯಾದದ್ದೇ. ಯಾರೂ ಬಿಡುವುದಿಲ್ಲ, ನಾವೇ ನಿಲ್ಲಬೇಕು. ನಾನು ಮಾಡಿಕೊಂಡದ್ದನ್ನು ಅವಳಿಗೆ ಹೇಳಿದೆ. ಬೆಳಗ್ಗೆ ಮೈಯಲ್ಲಿ ಚೈತನ್ಯ ಇರುವಾಗ ನಾನು ಪಾತ್ರೆ ತಿಕ್ಕುವುದನ್ನು ಬಿಟ್ಟೆ. ಆ ಹೊತ್ತಿಗೆ ಹೊಲಿಗೆಯ ಆರ್ಡರಿನ ಕತ್ತರಿಸುವ ಕೆಲಸ, ಲೆಕ್ಕ ಬರೆಯುವುದು, ತಲೆ ಬೇಕಾದ ಕೆಲಸಗಳು. ಪಾತ್ರೆಗಳಿಗೆ ಹನ್ನೊಂದು ಗಂಟೆಯ ಮಂಕು ಹೊತ್ತು ಸಾಕು. ಅವು ಕಾಯುತ್ತವೆ. ಮಧ್ಯಾಹ್ನ ಊಟದ ಬಳಿಕ ಇಪ್ಪತ್ತು ನಿಮಿಷ ಮಲಗುತ್ತೇನೆ. ಒಂದರಿಂದ ಮೂರರವರೆಗೆ ದೇಹದ ಗಡಿಯಾರವೇ ಸ್ವಲ್ಪ ತಗ್ಗುತ್ತದೆ. ನಮ್ಮ ಹಿರಿಯರು ಖೈಲೂಲ ಎಂದು ಮಲಗುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಗಂಟೆಗಟ್ಟಲೆ ಮಲಗಿದರೆ ಎದ್ದಾಗ ತಲೆ ಭಾರ, ರಾತ್ರಿ ನಿದ್ದೆಯೂ ಹಾಳು.

ಮಾಮಿಗೆ ಮೊದಮೊದಲು ಇದು ಹಿಡಿಸಲೇ ಇಲ್ಲ. ಹಗಲು ಮಲಗುವ ಸೊಸೆ ಎಂದರೆ ಅವರ ಪ್ರಕಾರ ಮನೆಗೆ ಶಕುನವಲ್ಲ. ನಾನು ವಾದ ಮಾಡಲಿಲ್ಲ. ಸಂಜೆ ನಾಲ್ಕಕ್ಕೆ ಬೈಗಳು ಕಡಿಮೆಯಾದದ್ದನ್ನು ಮಕ್ಕಳೇ ಮೊದಲು ಗಮನಿಸಿದರು. ತೀರಾ ಕಷ್ಟವಾದದ್ದು ರಾತ್ರಿಯದ್ದು. ಎಲ್ಲರೂ ಮಲಗಿದ ಮೇಲೆ "ಇನ್ನು ನನ್ನ ಸಮಯ" ಎಂದು ಮೊಬೈಲು ಹಿಡಿದು ಹನ್ನೆರಡು ಗಂಟೆಯವರೆಗೆ ಕೂರುತ್ತಿದ್ದೆ. ಹೆಂಗಸರಿಗೆ ತಮ್ಮದೆನ್ನುವ ಸಮಯ ಅದೊಂದೇ ಎಂಬುದೂ ನಿಜವಲ್ಲವೇ? ಅದನ್ನು ಪೂರ್ತಿ ಬಿಡಲು ಇಂದಿಗೂ ಆಗಿಲ್ಲ. ಹತ್ತೂವರೆಗೆ ಇಳಿಸಿದ್ದೇನೆ, ಅಷ್ಟೇ.

"ರೊಟ್ಟಿ?" ಎಂದಳು ನಾದಿನಿ. ರಾತ್ರಿ ಎಲ್ಲರಿಗೂ ರೊಟ್ಟಿ ತಟ್ಟುವುದನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದೆ ಎಂದೆ. ಉಳಿದ ದಿನ ಗಂಜಿ, ಚಟ್ನಿ. ಮಗ ಮೊದಲ ವಾರ ಮುಖ ಊದಿಸಿಕೊಂಡ. ಎರಡನೆಯ ವಾರ ತಾನೇ ಮೊಟ್ಟೆ ಹುರಿಯಲು ಕಲಿತ.

ಒಂಬತ್ತೂಕಾಲಿಗೆ ತುದಿ ತಲುಪಿದೆವು. ಹೇಗೆ ಹೇಳಲಿ! ಮುಂದೆ ಕುದುರೆಮುಖದ ಸಾಲು ನೀಲಿಯಾಗಿ ಹಬ್ಬಿತ್ತು. ಗಾಳಿ ಎಷ್ಟು ಜೋರೆಂದರೆ ಶಾಲನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ಅಲ್ಹಮ್ದುಲಿಲ್ಲಾಹ್ ಎಂಬ ಒಂದು ಮಾತಲ್ಲದೆ ನನ್ನ ಬಾಯಿಂದ ಬೇರೇನೂ ಹೊರಡಲಿಲ್ಲ. ಮೇಲೆ ಕೋಟೆಯ ಗೋಡೆಗಳ ಅವಶೇಷ, ಒಂದು ಫಿರಂಗಿ, ಯಾವುದೋ ಕಾಲದ ಮೈಕ್ರೋವೇವ್ ಸ್ಟೇಷನ್ನಿನ ಪಾಳುಬಿದ್ದ ಕಟ್ಟಡ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಕೆರೆ. ಮಳೆಗಾಲದ ನೀರನ್ನು ಹಿಡಿದಿಡಲು ಮಾಡಿದ್ದು. ಈ ಬೋಳು ಕಲ್ಲಿನ ಮೇಲೆ ಕಾವಲಿದ್ದವರು ಬೇಸಗೆಯಲ್ಲಿ ಒಂದೊಂದು ಕೊಡವನ್ನೂ ಲೆಕ್ಕ ಹಾಕಿಯೇ ತೆಗೆದಿರಬೇಕು.

ಮುಕ್ಕಾಲು ಗಂಟೆ ಕುಳಿತೆವು. ಯಜಮಾನರು ನನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದರು. ಹದಿನಾಲ್ಕು ವರ್ಷದ ಹಿಂದಿನ ಪ್ರವಾಸದ ಫೋಟೋಗಳಲ್ಲಿ ನಾನು ಎಲ್ಲೂ ಇಲ್ಲ, ಬ್ಯಾಗುಗಳೂ ಇಲ್ಲ. ಆ ಮಾತನ್ನು ಅವರೇ ಮೆಲ್ಲಗೆ ಎತ್ತಿದರು. "ಆವತ್ತು ನಿನ್ನ ಜತೆ ನಾನು ಕೆಳಗೆ ಇಳಿಯಬೇಕಿತ್ತು" ಎಂದರು. ನಾನು ಖರ್ಜೂರದ ಡಬ್ಬಿ ಮುಂದಕ್ಕೆ ಹಿಡಿದೆ.

ಇಳಿಯುವುದು ಸುಲಭ ಎಂದುಕೊಂಡವರು ಮೋಸ ಹೋಗುತ್ತಾರೆ. ಹತ್ತುವಾಗ ಶ್ವಾಸಕ್ಕೆ ಕೆಲಸ, ಇಳಿಯುವಾಗ ತೊಡೆ ಮತ್ತು ಮಂಡಿಗೆ. ಪ್ರತಿ ಮೆಟ್ಟಿಲಿನಲ್ಲೂ ಮೈಭಾರವನ್ನು ತಡೆದು ಹಿಡಿಯಬೇಕು. ಹತ್ತು ಗಂಟೆಗೆ ಕಲ್ಲು ಬೇರೆ ಕಾಯಲು ತೊಡಗಿತ್ತು. ತುದಿ ತಲುಪುವುದಕ್ಕೇ ಇದ್ದ ಶಕ್ತಿಯನ್ನೆಲ್ಲ ಸುರಿದ ಕೆಲವು ಹುಡುಗರು ದಾರಿಯುದ್ದಕ್ಕೂ ಕಾಲು ಹಿಡಿದುಕೊಂಡು ಕುಳಿತಿದ್ದರು. ನನ್ನ ಕಾಲೂ ಕೊನೆಯಲ್ಲಿ ನಡುಗಿತು, ಸುಳ್ಳು ಹೇಳುವುದಿಲ್ಲ. ಕೊನೆಯ ನೂರು ಮೆಟ್ಟಿಲನ್ನು ಮಗನ ಭುಜ ಹಿಡಿದೇ ಇಳಿದೆ. ಹನ್ನೊಂದೂಮುಕ್ಕಾಲಿಗೆ ಆ ಹಳೆಯ ಮರದ ಬುಡಕ್ಕೆ ಬಂದೆವು. ಅಥವಾ ನಾನು ಅದೇ ಮರ ಎಂದುಕೊಂಡೆ.

ಮನೆಗೆ ಬಂದಾಗ ಮಾಮಿ ಜಗಲಿಯಲ್ಲಿ ಕುಳಿತಿದ್ದರು. ಒಳಗೆ ಅನ್ನ, ಮೀನಿನ ಸಾರು ತಯಾರಿತ್ತು, ಭಾವ ಹೋಟೆಲಿನಿಂದ ತರಿಸಿದ್ದರು. ಊಟ ಮುಗಿದ ಮೇಲೆ ನಾನು ಚಾಪೆ ಬಿಡಿಸುವುದನ್ನು ಮಾಮಿ ನೋಡಿದರು. ಏನೋ ಹೇಳುತ್ತಾರೆ ಎಂದು ಕಾದೆ. ಹತ್ತಿರ ಬಂದು ನನ್ನ ಕಾಲ ಬಳಿ ಕುಳಿತು, "ಮೇಲೆ ಏನುಂಟು?" ಎಂದು ಕೇಳಿದರು.

ಕೆರೆಯ ವಿಷಯ ಹೇಳಿದೆ, ಫಿರಂಗಿಯ ವಿಷಯ ಹೇಳಿದೆ, ಗಾಳಿಯ ವಿಷಯ ಹೇಳಿದೆ.

"ನಾನು ಮದುವೆಯಾಗಿ ಬಂದಾಗಿನಿಂದ ಈ ಕಲ್ಲನ್ನು ದೂರದಿಂದ ನೋಡುತ್ತಾ ಇದ್ದೇನೆ" ಎಂದರು ಮಾಮಿ. ಅವರಿಗೆ ಈಗ ಎಪ್ಪತ್ತೆರಡು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ನನ್ನನ್ನೂ ಆ ಬುಡದವರೆಗೆ ಕರೆದುಕೊಂಡು ಹೋಗು. ಹತ್ತು ಮೆಟ್ಟಿಲಾದರೂ ಹತ್ತುತ್ತೇನೆ" ಎಂದರು.

"ಇನ್‌ಶಾ ಅಲ್ಲಾಹ್. ಆದರೆ ಐದಕ್ಕೊಮ್ಮೆ ನಿಲ್ಲಬೇಕು ಮಾಮಿ" ಎಂದೆ.

"ನಿಲ್ಲುವ" ಎಂದು ಅವರೂ ಚಾಪೆಯ ಇನ್ನೊಂದು ತುದಿಗೆ ತಲೆದಿಂಬು ಎಳೆದುಕೊಂಡರು.