ಮುಖ ಕಾಣದ ಮತ್ಸ್ಯಕನ್ಯೆ

ಅನಿಮೇಷನ್ ಸಿನಿಮಾವನ್ನು ಸಂಗೀತ ನಾಟಕವಾಗಿ ರಂಗಕ್ಕೆ ತರುವಾಗ, ನಿರ್ದೇಶಕರನ್ನು ಆರಿಸಲು ಕೂತವರ ಕಣ್ಣಲ್ಲಿ ಆ ಸಿನಿಮಾವೇ ಓಡುತ್ತಿರುತ್ತದೆ. ನ್ಯೂಜೆರ್ಸಿಯ ನಮ್ಮ ಊರಿನ ಹವ್ಯಾಸಿ ತಂಡ ‘ದಿ ಲಿಟ್ಲ್ ಮರ್ಮೇಡ್’ ಆಡಲು ಹೊರಟಾಗ ಆಯ್ಕೆ ಸಮಿತಿಯಲ್ಲಿದ್ದ ನನ್ನ ಸ್ಥಿತಿಯೂ ಅದೇ ಆಗಿತ್ತು. ಇಲ್ಲಿ ಇಂಥ ನಾಟಕಗಳ ಹಕ್ಕನ್ನು ರಾಯಲ್ಟಿ ಕಟ್ಟಿ ಪಡೆಯಬೇಕು. ಸ್ಕ್ರಿಪ್ಟ್, ಹಾಡು ಎಲ್ಲ ಸಿದ್ಧವಾಗಿಯೇ ಬರುತ್ತವೆ, ಒಪ್ಪಿಗೆಯಿಲ್ಲದೆ ಏನನ್ನೂ ಬದಲಿಸುವಂತಿಲ್ಲ. ಮಾತು ಹಾಡು ಎಲ್ಲರಿಗೂ ಒಂದೇ ಆದಮೇಲೆ ನಾಟಕ ಏಳುವುದೂ ಬೀಳುವುದೂ ಬಹುಪಾಲು ನಿರ್ದೇಶಕರ ಕೈಯಲ್ಲೇ.

ಕೊನೆಗೆ ಇಬ್ಬರು ಉಳಿದರು. ಒಬ್ಬ ತರುಣ, ಲ್ಯಾಪ್‌ಟಾಪ್ ತೆರೆದು ಒಂದೊಂದು ದೃಶ್ಯಕ್ಕೂ ಚಿತ್ರ ತೋರಿಸಿದ. ಹಿಂದೆ ದೊಡ್ಡ ಪರದೆ, ಅದರ ಮೇಲೆ ಪ್ರೊಜೆಕ್ಟರಿನಿಂದ ಸಮುದ್ರ, ಬಿರುಗಾಳಿ, ಮುಳುಗುವ ಹಡಗು. ಸಿನಿಮಾದಲ್ಲಿ ಕಂಡ ಬಣ್ಣಗಳೇ ಅಲ್ಲಿದ್ದವು. ಇನ್ನೊಬ್ಬರು ಶಾಲೆಯಲ್ಲಿ ನಾಟಕ ಕಲಿಸಿ ನಿವೃತ್ತರಾದ ಹೆಂಗಸು. ಬರಿಗೈಯಲ್ಲಿ ಬಂದಿದ್ದರು. ಅವರೇ ನಮ್ಮನ್ನು ಪ್ರಶ್ನೆ ಕೇಳತೊಡಗಿದರು. ರಂಗದ ಮೇಲ್ಭಾಗದಲ್ಲಿ ಎಷ್ಟು ಎತ್ತರವಿದೆ, ಚಿಕ್ಕ ಮಕ್ಕಳು ಎಷ್ಟು ಜನ ಬರುತ್ತಾರೆ ಎಂದೆಲ್ಲ ಕೇಳಿದ ಮೇಲೆ ಒಂದು ಮಾತು ಹೇಳಿದರು: ಮತ್ಸ್ಯಕನ್ಯೆ ಏರಿಯಲ್ ತನ್ನ ದನಿಯನ್ನು ಮಾಟಗಾತಿಗೆ ಕೊಟ್ಟ ಮೇಲೆ ಮಾತಾಡುವಂತಿಲ್ಲ, ಸಿನಿಮಾದಲ್ಲಿ ಅವಳ ಕಣ್ಣುಗಳನ್ನೇ ಪರದೆಯ ತುಂಬ ಬರೆದು ತೋರಿಸುತ್ತಾರೆ, ಇಲ್ಲಿ ಕೊನೆಯ ಸಾಲಿನಲ್ಲಿ ಕೂತ ಮಗುವಿಗೆ ಅವಳ ಮನಸ್ಸು ಹೇಗೆ ತಿಳಿಯಬೇಕು? ನಾವು ಉತ್ತರಿಸಲಿಲ್ಲ. ಅವರ ಬಳಿಯೂ ಆಗ ಉತ್ತರವಿರಲಿಲ್ಲ, ತಾಲೀಮಿನಲ್ಲಿ ಹುಡುಕಬೇಕು ಎಂದರು.

ಅವರು ಹೊರಟ ಮೇಲೆ ‘ಸಿದ್ಧತೆಯಿಲ್ಲದೆ ಬಂದಿದ್ದಾರೆ’ ಎಂದವನು ನಾನು. ಸಮಿತಿಯಲ್ಲಿ ಅನುಮಾನವಿದ್ದವರನ್ನು ಒಪ್ಪಿಸಿ, ಮತ ತರುಣನ ಕಡೆಗೆ ವಾಲುವಂತೆ ಮಾಡಿದವನೂ ನಾನೇ.

ಮುಂದೆ ನಡೆದದ್ದನ್ನು ಈಗ ನೆನೆದರೂ ಸಂಕಟವಾಗುತ್ತದೆ. ಪರದೆಯ ಮೇಲಿನ ಚಿತ್ರ ಕಾಣಬೇಕಾದರೆ ರಂಗದಲ್ಲಿ ಬೆಳಕು ಕಡಿಮೆಯಿರಬೇಕು. ಎದುರಿನಿಂದ ದೀಪ ಹಾಕಿದರೆ ಆ ಬೆಳಕು ಪರದೆಗೂ ಚೆಲ್ಲಿ ಸಮುದ್ರವೇ ಮಸುಕಾಗುತ್ತಿತ್ತು. ಆದ್ದರಿಂದ ದೀಪಗಳನ್ನು ಒಂದೊಂದಾಗಿ ತಗ್ಗಿಸುತ್ತ ಹೋದರು. ವೀಡಿಯೊ ಓಡುವ ವೇಗಕ್ಕೆ ಮಕ್ಕಳು ಹೆಜ್ಜೆ ಹಾಕಬೇಕಾಯಿತು. ಒಬ್ಬಳು ಮಾತು ಮರೆತು ತಡವರಿಸಿದರೂ ಅಲೆ ಅವಳಿಗಾಗಿ ಕಾಯುತ್ತಿರಲಿಲ್ಲ. ಪ್ರದರ್ಶನದ ದಿನ ಜನ ಪರದೆಯನ್ನು ನೋಡಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಏರಿಯಲ್ ಮೂಕಿಯಾದ ಮೇಲಿನ ಭಾಗದಲ್ಲಂತೂ ಆ ಪಾತ್ರದ ಹುಡುಗಿಯ ಮುಖ ನನಗೆ ಕಾಣಿಸಲೇ ಇಲ್ಲ. ಅವಳು ನಮ್ಮ ಪರಿಚಯದ ಕನ್ನಡದ ಮನೆಯ ಮಗು. ನಾಟಕ ಮುಗಿದ ಮೇಲೆ ಬಣ್ಣ ಅಳಿಸುವ ಮೊದಲೇ ಓಡಿ ಬಂದು ಕೇಳಿದಳು: “ಅಂಕಲ್, ಹಿಂದಿನ ಸೀಟಿಂದ ನನ್ನ ಮುಖ ಕಾಣ್ತಿತ್ತಾ?” ಕಾಣಿಸ್ತಮ್ಮ ಎಂದೆ. ತಿಂಗಳುಗಟ್ಟಲೆ ಕನ್ನಡಿಯ ಮುಂದೆ ನಿಂತು ಕಣ್ಣಿನಲ್ಲೇ ಮಾತಾಡುವುದನ್ನು ಕಲಿತಿದ್ದ ಮಗುವಿಗೆ ನಾನು ಸುಳ್ಳು ಹೇಳಿದೆ.

ಆಮೇಲೆ ಬ್ರಾಡ್‌ವೇ ಇತಿಹಾಸವನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಇದೇ ‘ಲಿಟ್ಲ್ ಮರ್ಮೇಡ್’ 2008ರಲ್ಲಿ ಅಲ್ಲಿ ತೆರೆಕಂಡಾಗ ನಿರ್ದೇಶಿಸಿದವರು ಒಪೆರಾ ಲೋಕದಲ್ಲಿ ದೊಡ್ಡ ಹೆಸರಾದ ಫ್ರಾನ್ಸೆಸ್ಕಾ ಜಾಂಬೆಲೊ. ಈಜನ್ನು ತೋರಿಸಲು ನಟರ ಹಿಮ್ಮಡಿಗೆ ಗಾಲಿಯ ಶೂ ತೊಡಿಸಿ ರಂಗದ ಮೇಲೆ ಜಾರಿಸಿದರು. ವಿಮರ್ಶಕರು ಕಟುವಾಗಿ ಬರೆದರು. 685 ಪ್ರದರ್ಶನಗಳಾದ ಮೇಲೆ 2009ರಲ್ಲಿ ನಾಟಕ ಮುಚ್ಚಿತು. ಮುಂದೆ ಗ್ಲೆನ್ ಕಸಾಲೆ ಅದನ್ನು ಹೊಸದಾಗಿ ಕಟ್ಟಿದಾಗ ನಟರನ್ನು ತಂತಿಯಲ್ಲಿ ಮೇಲೆತ್ತಿ ಈಜಿಸಿದರು. 2006ರ ‘ಟಾರ್ಜನ್’ ಅನ್ನು ಡಿಸ್ನಿಯವರು ರಂಗಸಜ್ಜಿಕೆಗೆ ಟೋನಿ ಪ್ರಶಸ್ತಿ ಪಡೆದಿದ್ದ ಬಾಬ್ ಕ್ರೌಲಿಗೆ ಒಪ್ಪಿಸಿದರು. ನಿರ್ದೇಶನವೂ ಅವರದೇ, ಸಜ್ಜಿಕೆಯೂ ಅವರದೇ. ಕಾಡು ಕಣ್ಣು ತುಂಬಿತು, ನಾಟಕ ಮಾತ್ರ 486 ಪ್ರದರ್ಶನಗಳಿಗೆ ನಿಂತಿತು. ನಾನು ಚಿತ್ರಗಳಿಗೆ ಮರುಳಾದ ಹಾಗೆ ಅಷ್ಟು ದೊಡ್ಡವರೂ ಮರುಳಾಗಿದ್ದರೇ ಎಂದು ಅನಿಸದೆ ಇರಲಿಲ್ಲ. ಆದರೂ ಇದನ್ನೊಂದು ಸೂತ್ರ ಮಾಡಿಕೊಳ್ಳುವುದು ತಪ್ಪು. 1994ರ ‘ಬ್ಯೂಟಿ ಅಂಡ್ ದಿ ಬೀಸ್ಟ್’ ನಿರ್ದೇಶಕ ರಾಬರ್ಟ್ ಜೆಸ್ ರಾತ್ ಡಿಸ್ನಿಯ ಪಾರ್ಕುಗಳಲ್ಲಿ ಪ್ರದರ್ಶನ ಮಾಡಿಸುತ್ತಿದ್ದವರು. ಅವರು ಸಿನಿಮಾಕ್ಕೆ ತುಂಬ ಹತ್ತಿರವಾಗಿಯೇ ಉಳಿದರು. ಆ ನಾಟಕ 2007ರವರೆಗೂ ಓಡಿತು.

ನನ್ನನ್ನು ಹೆಚ್ಚು ಕಲಕಿದ್ದು 1997ರ ‘ದಿ ಲಯನ್ ಕಿಂಗ್’. ಜೂಲಿ ಟೇಮರ್ ಇಂಡೋನೇಷ್ಯಾದಲ್ಲಿ ವರ್ಷಗಟ್ಟಲೆ ಇದ್ದು ಮುಖವಾಡ, ಗೊಂಬೆಗಳ ಕೆಲಸ ಮಾಡಿದ್ದವರು. ಅವರ ನಾಟಕದಲ್ಲಿ ಸಿಂಹದ ಮುಖವಾಡ ನಟನ ತಲೆಯ ಮೇಲಿರುತ್ತದೆ, ಕೆಳಗೆ ನಟನ ಮುಖ ಪೂರ್ತಿ ತೆರೆದಿರುತ್ತದೆ. ಜಿರಾಫೆಯೆಂದರೆ ಕೈಕಾಲು ನಾಲ್ಕಕ್ಕೂ ಮರಗಾಲು ಕಟ್ಟಿಕೊಂಡ ಮನುಷ್ಯ; ಹುಲ್ಲುಗಾವಲೆಂದರೆ ಹುಲ್ಲನ್ನು ತಲೆಯ ಮೇಲೆ ಹೊತ್ತು ನಡೆಯುವ ಜನ. ಬರಗಾಲ ಬಂತೆಂದು ತೋರಿಸಲು ನೆಲದ ಮೇಲೆ ಹಾಸಿದ ನೀಲಿ ರೇಷ್ಮೆಯನ್ನು ಒಂದು ತೂತಿನೊಳಗೆ ಮೆಲ್ಲಗೆ ಎಳೆದುಕೊಳ್ಳುತ್ತಾರೆ, ಅಷ್ಟೆ. ನೀರು ಬತ್ತಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಸಿನಿಮಾದಲ್ಲಿ ಗಂಡಾಗಿದ್ದ ರಫೀಕಿ ಎಂಬ ಪಾತ್ರವನ್ನು ಅವರು ಹೆಣ್ಣಾಗಿಸಿದರು. ಮರುವರ್ಷ ಸಂಗೀತ ನಾಟಕದ ನಿರ್ದೇಶನಕ್ಕೆ ಟೋನಿ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಇದೇ ಟೇಮರ್ ‘ಸ್ಪೈಡರ್‌ಮ್ಯಾನ್’ ನಾಟಕವನ್ನು ಕಟ್ಟುತ್ತಿದ್ದಾಗ 2011ರಲ್ಲಿ ನಡುವೆಯೇ ಹೊರಬರಬೇಕಾಯಿತು ಎಂಬುದನ್ನೂ ನೆನಪಿಡಬೇಕು. ಒಂದು ಕಥೆಗೆ ಒಗ್ಗಿದವರು ಇನ್ನೊಂದಕ್ಕೂ ಒಗ್ಗಲೇಬೇಕೆಂದೇನೂ ಇಲ್ಲ.

ಇದೆಲ್ಲ ನನಗೆ ಹೊಸದಾಗಿರಬಾರದಿತ್ತು. ಹಗಲಲ್ಲಿ ಪರಿಚಯದ ಮನುಷ್ಯನಾಗಿದ್ದವನು ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬಂದು, ನಿಂತಲ್ಲೇ ಕಾಡು, ಯುದ್ಧ, ಸ್ವರ್ಗ ಎಲ್ಲವನ್ನೂ ತರುವ ಯಕ್ಷಗಾನ ನೋಡಿ ಬೆಳೆದವನು ನಾನು. ಕಾರ್ನಾಡರ ‘ಹಯವದನ’ದಲ್ಲಿ ಕುದುರೆ ಮುಖದ ಮನುಷ್ಯ ಅಳುವಾಗ ಆ ಮುಖ ಎಷ್ಟು ನಿಜವಾಗಿದೆ ಎಂದು ಅಳೆಯುವವರಿಲ್ಲ. ಆ ತಿಳಿವಳಿಕೆಯನ್ನು ನಾನು ಊರಿನ ಕಲೆಗೆ ಸೇರಿದ್ದೆಂದು ಬದಿಗಿಟ್ಟು, ಡಿಸ್ನಿಯ ಕಥೆಗೆ ಡಿಸ್ನಿಯ ಚಿತ್ರಗಳೇ ಬೇಕೆಂದುಕೊಂಡೆ. ಅಷ್ಟಕ್ಕೂ ‘ಲಿಟ್ಲ್ ಮರ್ಮೇಡ್’ ಸಿನಿಮಾದ ಹಾಡುಗಳನ್ನು ಬರೆದ ಹೊವರ್ಡ್ ಆಶ್ಮನ್ ರಂಗಭೂಮಿಯಿಂದ ಬಂದವರು. ‘ಲಿಟ್ಲ್ ಶಾಪ್ ಆಫ್ ಹಾರರ್ಸ್’ ಸಂಗೀತ ನಾಟಕವನ್ನು 1982ರಲ್ಲಿ ಬರೆದು ನಿರ್ದೇಶಿಸಿದ್ದವರು. ನಾಯಕಿ ಮೊದಲಲ್ಲೇ ತನಗೇನು ಬೇಕೆಂದು ಹಾಡಿ ಹೇಳುವ ಕ್ರಮವನ್ನು ಅವರು ನಾಟಕದಿಂದಲೇ ಸಿನಿಮಾಕ್ಕೆ ಒಯ್ದರು. ನಮ್ಮ ತರುಣನಿಗೆ ಪ್ರತಿ ಫ್ರೇಮೂ ಬಾಯಿಪಾಠವಿತ್ತು. ಆ ಹಾಡನ್ನು ಹಾಡುವ ಹುಡುಗಿ ಎಲ್ಲಿ ನಿಂತರೆ ಒಳ್ಳೆಯದು ಎಂದು ನಾವ್ಯಾರೂ ಅವನನ್ನು ಕೇಳಲಿಲ್ಲ.

ಒಂದು ತೊಡಕು ಇನ್ನೂ ಬಗೆಹರಿದಿಲ್ಲ. ಮಕ್ಕಳು ಬರುವುದು ತಮಗೆ ಗೊತ್ತಿರುವ ಏರಿಯಲ್‌ಳನ್ನು ನೋಡಲು. ಅವರ ಆಸೆ ಸಣ್ಣದಲ್ಲ, ಅದನ್ನು ತಳ್ಳಿಹಾಕುವ ನಿರ್ದೇಶಕರನ್ನೂ ನಾನು ಆರಿಸಲಾರೆ. 2018ರ ‘ಫ್ರೋಜನ್’ ನಾಟಕವನ್ನು ಮೈಕೆಲ್ ಗ್ರ್ಯಾಂಡೇಜ್ ಮಾಡಿಸಿದಾಗ, ನಾಯಕಿ ಎಲ್ಸಾಳ ಉಡುಪು ಹಾಡಿನ ನಡುವೆ ಎಲ್ಲರ ಕಣ್ಣೆದುರೇ ಕ್ಷಣದಲ್ಲಿ ಬದಲಾಗುವುದನ್ನು ಉಳಿಸಿಕೊಂಡರು. ಮಕ್ಕಳು ಕಾದಿದ್ದದ್ದು ಸಿಕ್ಕಿತು, ಸಿಕ್ಕಿದ್ದೂ ಒಬ್ಬ ನಟಿಯ ಮೈಮೇಲೆಯೇ. ಈ ಹದ ಸಂದರ್ಶನದ ಮೇಜಿನ ಎದುರು ಗೊತ್ತಾಗುವುದಿಲ್ಲ. ಈಗ ನಮ್ಮ ಸಮಿತಿ ಬಂದವರಿಗೆ ನಾಟಕದ ಒಂದು ಪುಟ, ಒಂದು ಬೆಂಚು, ನಾಲ್ಕಾರು ಮಕ್ಕಳನ್ನು ಕೊಟ್ಟು ಕೆಲಸ ಮಾಡಿಸಲು ಹೇಳುತ್ತದೆ. ಚಿತ್ರಗಳನ್ನು ನೋಡುವುದು ಅದಾದ ಮೇಲೆ.

ಆ ತರುಣನನ್ನು ಹುಡುಕಿಕೊಂಡು ಹೋಗಿ, ತಪ್ಪು ನಿನ್ನದಲ್ಲ, ನಿನ್ನಿಂದ ನಾವು ಕೇಳಿದ್ದನ್ನೇ ನೀನು ಕೊಟ್ಟೆ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನನ್ನು ಆರಿಸಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ತಾಲೀಮಿಗೆ ಬಂದು ಕೊನೆಯ ಸಾಲಿನಲ್ಲಿ ಕೂರಬೇಕಿತ್ತು, ನಾನು ಯಾವಾಗಲೂ ಪ್ರೊಜೆಕ್ಟರಿನ ಪಕ್ಕದಲ್ಲೇ ಇರುತ್ತಿದ್ದೆ ಎಂದ. ದೊಡ್ಡ ತಂಡಗಳು ‘ಲಯನ್ ಕಿಂಗ್’ ಅನ್ನು ಮೊದಲು ಮಿನಿಯಾಪೊಲಿಸ್‌ನಲ್ಲಿ, ‘ಫ್ರೋಜನ್’ ಅನ್ನು ಡೆನ್ವರ್‌ನಲ್ಲಿ ಆಡಿಸಿ, ನೋಡಿ, ತಿದ್ದಿಕೊಂಡೇ ನ್ಯೂಯಾರ್ಕಿಗೆ ಬಂದವು. ನಮಗೆ ಅಂಥ ಅನುಕೂಲವಿಲ್ಲ. ಈ ವರ್ಷದ ತಾಲೀಮಿಗೆ ಕೊನೆಯ ಸಾಲಿನ ಕುರ್ಚಿ ನನ್ನ ಪಾಲಿಗೆ ಬಂದಿದೆ, ಬುಧವಾರ ಮತ್ತು ಶನಿವಾರ.