ಮೇಲುಕೋಟೆಯಲ್ಲಿ ಕರೆಂಟಿಲ್ಲದ ಕ್ಯಾರವಾನ್!

ಮೇಲುಕೋಟೆಯ ಕಲ್ಯಾಣಿ, ರಾಯಗೋಪುರ ನಿಮಗೆ ಹೊಸದಲ್ಲ ಬಿಡಿ. 1991ರ ‘ದಳಪತಿ’ಯಲ್ಲೇ ನೋಡಿದ್ದೀರಿ. ನಾನು ಶೂಟಿಂಗ್‌ಗೆ ಹೋದ ದಿನ ಜನ ಮುತ್ತಿದ್ದು ನಾಯಕಿಯ ಕ್ಯಾರವಾನನ್ನು. ಒಳಗೆ ದೀಪ ಉರೀತಿದೆ, ಪ್ಲಗ್ ಪಾಯಿಂಟುಗಳಲ್ಲಿ ಮಾತ್ರ ಕರೆಂಟಿಲ್ಲ!

“ದೀಪ ಬ್ಯಾಟರೀದು ಸಾರ್, 12 ವೋಲ್ಟು. ಪ್ಲಗ್ಗಿಗೆ ಜನರೇಟರಿನ 230” ಅಂದ ಎಲೆಕ್ಟ್ರಿಷಿಯನ್ ಹುಡುಗ. ಜನರೇಟರೇನೋ ಗುಡುಗ್ತಾನೇ ಇತ್ತು. ಬಿದ್ದಿದ್ದು ಇಎಲ್‌ಸಿಬಿ, 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಸ್ವಿಚ್ಚು.

“ಅದನ್ನ ಬಿಟ್ಟು ಡೈರೆಕ್ಟ್ ಕೊಡಯ್ಯಾ, ಶಾಟ್ ರೆಡಿ!” ಮ್ಯಾನೇಜರ್ ಕೂಗಾಟ. ಹುಡುಗ ಜಗ್ಗಲಿಲ್ಲ. ತಗಡಿನ ಗಾಡಿ, ಕಾಲಡಿ ಒದ್ದೆ ನೆಲ, ಮುಟ್ಟಿದವರ ಗತಿ?

ಎಲ್ಲಾ ಪ್ಲಗ್ ಕಿತ್ತು, ಸ್ವಿಚ್ ಎತ್ತಿ, ಒಂದೊಂದಾಗಿ ಚುಚ್ಚುತ್ತಾ ಬಂದ. ಹೇರ್ ಡ್ರೈಯರ್ ಸರದಿಗೆ ಟಪ್! ಕಳ್ಳ ಸಿಕ್ಕಿಬಿದ್ದ.

ನಾಯಕಿ ಬಿಸಿಲಲ್ಲೇ ಕೂದಲು ಒಣಗಿಸಿಕೊಂಡರು. ಹುಡುಗ ಪುಳಿಯೋಗರೆ ಮುಗಿದುಹೋದೀತೆಂದು ಓಡಿದ.